ಪಾಲಿಶ್ ಪೇಪರಿನ ಹಳದಿ

ಆ ಪೆಟ್ಟಿಗೆಯನ್ನು ಎತ್ತಿ ಕಬ್ಬಿನ ಗಾಣಕ್ಕೆ ಹಾಕಿಬಿಡಬೇಕು ಅನಿಸಿತು ಧರಣೇಂದ್ರನಿಗೆ. ಬೆಳಗಿನಿಂದ ಅದು ಸತ್ತು ಬದುಕಿದ್ದು ನಾಲ್ಕನೇ ಸಲ. ಉರಿಯುತ್ತಿದ್ದ ಹಸಿರು ದೀಪ ಆರುತ್ತಿತ್ತು. ಇವನು ಮೀಟರು ಹಚ್ಚುವುದರೊಳಗೆ ಮತ್ತೆ ಹೊತ್ತಿಕೊಂಡು, ತನಗೇನೂ ಆಗೇ ಇಲ್ಲವೆಂಬಂತೆ ಕೂತಿರುತ್ತಿತ್ತು. ಕೆಟ್ಟಿದ್ದೇ ಆದರೆ ಪೂರ್ತಿ ಕೆಡಬಾರದೇ? ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಹೀಗೆ ನಾಟಕ ಮಾಡುವುದನ್ನು ಏನು ಮಾಡುವುದು!

ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆ, ೧೯೮೮ರ ಕಬ್ಬು ಅರೆಯುವ ಹಂಗಾಮು. ಬಾಯ್ಲರಿನ ಒತ್ತಡ, ಶಾಖ ತೋರಿಸುವ ಗೇಜುಗಳು ನಿಜ ಹೇಳುತ್ತಿವೆಯೋ ಸುಳ್ಳೋ ಎಂದು ಪರೀಕ್ಷಿಸಲು ಅಲ್ಲಿದ್ದದ್ದು ಇದೊಂದೇ ಯಂತ್ರ. ಅದನ್ನು ನೋಡಿಕೊಳ್ಳುವುದು ಹೊಸದಾಗಿ ಸೇರಿದ ಧರಣೇಂದ್ರನ ಕೆಲಸ. ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಕಪಾಟಿನಲ್ಲಿ ಪುಸ್ತಕ ಇಟ್ಟಂತೆ ಸಾಲಾಗಿ ತೂರಿಸಿದ ಆರು ಸರ್ಕ್ಯೂಟ್ ಕಾರ್ಡು. ಎಡತುದಿಯ ಕಾರ್ಡು ಉಳಿದ ಐದಕ್ಕೂ ಕರೆಂಟು ಹಂಚಬೇಕು. ಅದೇ ನಡುನಡುವೆ ಕೈಕೊಡುತ್ತಿತ್ತು.

ಧರಣೇಂದ್ರ ಮಾಡದ ಉಪಾಯವಿಲ್ಲ. ಫ್ಯೂಸು ಬದಲಿಸಿದ, ವೈರು ಬದಲಿಸಿದ, ಒಂದೊಂದೇ ಕಾರ್ಡು ಕಿತ್ತು ನೋಡಿದ. ಕಿತ್ತು ಮತ್ತೆ ಹಾಕಿದರೆ ಯಂತ್ರ ಲಕ್ಷಣವಾಗಿ ನಡೆಯುತ್ತಿತ್ತು. 'ಸಿಕ್ಕಿತು' ಎಂದು ಹಿಗ್ಗಿದರೆ ಮರುದಿನ ಬೆಳಗ್ಗೆ ಮತ್ತದೇ ಹಾಡು. ಕರೆಂಟು ದಾಟುವ, ಕಾರ್ಡಿನ ಅಂಚಿನ ಪಟ್ಟಿಗಳನ್ನಂತೂ ದಿನಾ ಪಾಲಿಶ್ ಪೇಪರಿನಿಂದ ತಿಕ್ಕಿ ಫಳಫಳ ಮಾಡುತ್ತಿದ್ದ. ಕರೋಶಿಯ ಮನೆಯಲ್ಲಿ ಅವ್ವ ಕಾಶಿಬಾಯಿ ಬಸದಿಯ ಪೂಜೆಯ ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ಕನ್ನಡಿ ಮಾಡುತ್ತಿದ್ದಳು. ಹೊಳೆಯದ ಲೋಹ ಮಗನ ಕಣ್ಣಿಗೂ ಕೊಳೆಯೇ. ಮಳೆಗಾಲದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಆ ಮಂಕು ಹಳದಿ ಪಟ್ಟಿಗಳನ್ನು ಕಂಡು ಅಸಹ್ಯಪಟ್ಟು ತಿಕ್ಕಲು ಶುರು ಮಾಡಿದ್ದ.

ಕೊನೆಗೆ ಅವನಿಗೊಬ್ಬ ಅಪರಾಧಿ ಸಿಕ್ಕ. ವೈರ್‌ಮನ್ ಜಕ್ಕಪ್ಪ. ಕಬ್ಬೂರಿನವನು, ಹದಿನೆಂಟು ಹಂಗಾಮು ದುಡಿದರೂ ಇನ್ನೂ ಹಂಗಾಮಿ ನೌಕರ. ದೊಡ್ಡ ಪಂಪು ಶುರುವಾದಾಗ ದೀಪ ಆರಿದ್ದನ್ನು ಧರಣೇಂದ್ರ ಎರಡು ಸಲ ಕಂಡಿದ್ದ. ಅಷ್ಟು ಸಾಕಾಯಿತು. 'ಈ ಕೋಣೆಗೆ ಬರುವ ಕರೆಂಟೇ ಸರಿಯಿಲ್ಲ' ಎಂದು ಚೀಫ್ ಇಂಜಿನಿಯರ್ ಕಾಕಾಸಾಹೇಬರಿಗೆ ಬರೆದುಕೊಟ್ಟ.

"ನನ್ನ ಲೈನ್ ಸರಿ ಐತ್ರಿ ಸಾಹೇಬ್ರ," ಅಂದಿದ್ದ ಜಕ್ಕಪ್ಪ. ಆದರೂ ಮೂರು ದಿನ ಏಣಿ ಹತ್ತಿ ಇಳಿದು, ಪ್ಯಾನೆಲ್‌ನಿಂದ ಈ ಕೋಣೆಗೇ ಬೇರೆ ವೈರು ಎಳೆದುಕೊಟ್ಟ. ಮರುದಿನ ದೀಪ ಮತ್ತೆ ಆರಿತು. ಧರಣೇಂದ್ರ ಎರಡನೇ ಪತ್ರ ಬರೆದ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸಾಮಾನು ಒಪ್ಪಿಸಿ ಮನೆಗೆ ಹೋಗು, ಇನ್ನು ಬರಬೇಡ ಎಂದು ಜಕ್ಕಪ್ಪನಿಗೆ ಹುಕುಂ ಆಯಿತು.

ಇವತ್ತೇ ಆ ಶನಿವಾರ. ಧರಣೇಂದ್ರ ಹಲ್ಲು ಕಚ್ಚಿ ಮತ್ತೊಮ್ಮೆ ಕಾರ್ಡು ತಿಕ್ಕಿ, ಪೇಪರಿನ ತುಂಡನ್ನು ಮೂಲೆಗೆ ಎಸೆದ. ಕಸ ಗುಡಿಸುತ್ತಿದ್ದ ಲಕ್ಕವ್ವ ಅದನ್ನು ಹೆಕ್ಕಿ ಬೆಳಕಿಗೆ ಹಿಡಿದು ನೋಡಿ, ಮುಖ ಸಪ್ಪೆ ಮಾಡಿದಳು.

"ಈಗೀಗ ಬರೇ ಕರೇದ ಬರಾಕತ್ತೈತಿ ಬಿಡ್ರಿ."

"ಏನ್ ಕರೇದು?"

"ಮಳಿಗಾಲದಾಗ ಒಗದಿದ್ರಲ್ಲ, ಆ ಕಾಗದದಾಗ ಚಲೋ ಇತ್ರಿ. ಎಲ್ಲಾ ಕೂಡಸಿ ಇಟ್ಟೇನಿ." ತುಸು ಹೆದರಿದಳು. "ಕಸದಾಗ ಒಗದದ್ದರಿ, ಕದ್ದಿಲ್ರಿ ನಾ."

ಅಥಣಿಯ ಪತ್ತಾರರ ಅಂಗಡಿಗಳ ಮುಂದಿನ ಧೂಳು ಗುಡಿಸಿ, ನೀರಲ್ಲಿ ಜಾಲಿಸಿ, ಬಂಗಾರದ ಕಣ ಹೆಕ್ಕುವುದು ಅವಳ ತವರಿನ ಕಸುಬು. ಸೆರಗಿನ ಗಂಟು ಬಿಚ್ಚಿ ಒಂದು ಸುಣ್ಣದ ಡಬ್ಬಿ ತೆಗೆದಳು. ಒಳಗೆ ಮಡಿಸಿಟ್ಟ ಪಾಲಿಶ್ ಪೇಪರಿನ ಚೂರುಗಳು. ಹಳೆಯ ಚೂರಿನ ಮೇಲೆ ತೆಳ್ಳಗೆ ಹಳದಿ ಮಿಂಚುತ್ತಿತ್ತು.

"ಇದು ಹಿತ್ತಾಳಿ ಲಕ್ಕವ್ವಾ."

"ಹಿತ್ತಾಳಿ ನನಗ ಗೊತ್ತಿಲ್ಲೇನ್ರಿ? ಇದು ಬಂಗಾರ."

ಧರಣೇಂದ್ರ ಕಾರ್ಡು ಕೈಗೆತ್ತಿಕೊಂಡ. ಭೂತಗನ್ನಡಿ ಹಿಡಿದು ಕಾರ್ಡಿನ ಅಂಚು ನೋಡಿದ. ಪೇಪರು ಮುಟ್ಟದ ಸಂದಿಯಲ್ಲಿ ಮಾತ್ರ ಹಳದಿ ಉಳಿದಿತ್ತು. ಉಳಿದ ಕಡೆಯೆಲ್ಲ ಬರೀ ತಾಮ್ರ. ಕಬ್ಬಿನ ರಸ ಬಿಳಿ ಮಾಡಲು ಸುಡುವ ಗಂಧಕದ ಹೊಗೆ ಹಂಗಾಮು ಶುರುವಾದಾಗಿನಿಂದ ಕಾರ್ಖಾನೆಯ ತುಂಬ ಸುಳಿದಾಡುತ್ತಿತ್ತು. ಬಂಗಾರದ ಲೇಪವನ್ನು ಅದು ಏನೂ ಮಾಡುವುದಿಲ್ಲ, ತಾಮ್ರವನ್ನು ಒಂದೇ ರಾತ್ರಿಯಲ್ಲಿ ಕಪ್ಪು ಮಾಡುತ್ತದೆ. ಆ ಕಪ್ಪನ್ನು ದಾಟಿ ಕರೆಂಟು ಹಾಯುವುದಾದರೂ ಹೇಗೆ! ತಿಕ್ಕಿದಾಗ ಹಾಯುತ್ತಿತ್ತು, ಕಪ್ಪಾದಾಗ ನಿಲ್ಲುತ್ತಿತ್ತು. ಈ ಲೇಪದ ವಿಷಯ ಡಿಪ್ಲೊಮಾ ಪುಸ್ತಕದಲ್ಲಿ ಒಂದು ಸಾಲು ಇದ್ದದ್ದು ಈಗ ನೆನಪಾಯಿತು. ಪರೀಕ್ಷೆಗೆ ಬರಲಿಲ್ಲವೆಂದು ಮರೆತೇಬಿಟ್ಟಿದ್ದ ಪುಣ್ಯಾತ್ಮ.

ಸುಮ್ಮನಿರಬಹುದಿತ್ತು. ಹೊಸ ಕಾರ್ಡು ತರಿಸಿ, 'ಹಳೆಯದು ಸವೆದಿತ್ತು' ಎಂದರೆ ಯಾರು ಕೇಳುತ್ತಿದ್ದರು? ಇವನ ನೌಕರಿಯೂ ಇನ್ನೂ ಕಾಯಂ ಆಗಿರಲಿಲ್ಲ. ಗಡಿಯಾರ ನೋಡಿದ, ಹನ್ನೆರಡಕ್ಕೆ ಹತ್ತು ನಿಮಿಷ. ಕಾರ್ಡು ಹಿಡಿದುಕೊಂಡೇ ಓಡಿದ.

ಕಾಕಾಸಾಹೇಬರ ಮೇಜಿನ ಮೇಲೆ ಜಕ್ಕಪ್ಪನ ಟೆಸ್ಟರು, ವೈರು ಕತ್ತರಿಸುವ ಪಕ್ಕಡ ಆಗಲೇ ಬಂದು ಕೂತಿದ್ದವು. ಜಕ್ಕಪ್ಪ ಪಕ್ಕದಲ್ಲಿ ನಿಂತಿದ್ದ.

"ಜಕ್ಕಪ್ಪಂದು ತಪ್ಪಿಲ್ರಿ ಸಾಹೇಬ್ರ," ಧರಣೇಂದ್ರ ಏದುಸಿರು ಬಿಟ್ಟ. "ಕಾರ್ಡ್ ನಾನ ತಿಕ್ಕಿ ಕೆಡಿಸೇನಿ."

ಕಾಕಾಸಾಹೇಬರು ಕಾರ್ಡು ನೋಡಿದರು, ಇವನನ್ನು ನೋಡಿದರು. "ಎರಡೆರಡು ಪತ್ರ ಬರದಾವ ನೀನಽ ಅಲ್ಲೇನಲೇ?"

"ಹೌದ್ರಿ."

"ಮೂರನೇದೂ ಬರಿ. ಇದನ್ನಽ ಬರಿ. ಸಹಿ ಮಾಡು. ಜಕ್ಕಪ್ಪ ಇರ್ಲಿ. ನಿಂದು ಏನ ಮಾಡೋದು ಸೋಮವಾರ ನೋಡೂಣು."

ಧರಣೇಂದ್ರ ಅಲ್ಲೇ ನಿಂತು ಬರೆದ. ಬರೆದು ಮುಗಿಸಿ ಜಕ್ಕಪ್ಪನ ಕಡೆ ತಿರುಗಿದ. ಈಗ ಬೈಗುಳ ಬೀಳುತ್ತದೆ, ಬೀಳಲಿ, ಬಿದ್ದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಜಕ್ಕಪ್ಪ ಬೈಯಲಿಲ್ಲ.

"ನನ್ನದಽ ತಪ್ಪು ಅಂತ ನಾನೂ ನಂಬಿದ್ನಿರಿ," ಅಂದ. "ಬ್ಯಾರೆ ವೈರ್ ಎಳದ ಮ್ಯಾಲೂ ದೀಪ ಆರಿತಲ್ರಿ. ಹದಿನೆಂಟ ವರ್ಸ ಏನ್ ಕಲತ್ನೋ ಅನಸ್ತು. ನಿನ್ನೆ ಮನ್ಯಾಗ ಬಲ್ಬ್ ಹೋಗಿತ್ತು. ಹೋಲ್ಡರಿಗೆ ಕೈ ಹಚ್ಚಾಕ ಧೈರ್ಯ ಆಗಲಿಲ್ರಿ. ಕತ್ತಲದಾಗ ಕುಂತ ಉಂಡ್ವಿ."

ಧರಣೇಂದ್ರ ಮೇಜಿನ ಮೇಲಿದ್ದ ಪಕ್ಕಡ ಎತ್ತಿ ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದ. ಜಕ್ಕಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಅದರ ಬಾಯಿ ಒಮ್ಮೆ ತೆರೆದು ಮುಚ್ಚಿ ನೋಡಿದ, ಜೇಬಿಗೆ ಹಾಕಿಕೊಳ್ಳಲಿಲ್ಲ.