ಕಂಡಕ್ಟರಮ್ಮನ ಬಾಕಿ ಜಗಳ

ಎಡಗಾಲಿನ ಬೂಟು ಏನು ಮಾಡಿದರೂ ಒಳಗೆ ಹೋಗುತ್ತಿರಲಿಲ್ಲ. ಸೊಸೆ ಮಂಚದ ಪಕ್ಕ ಮಂಡಿಯೂರಿ, ಅತ್ತೆಯ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೂಟನ್ನು ಒತ್ತುತ್ತಿದ್ದಳು. ಆಯುಷ್ಯವನ್ನೆಲ್ಲ ಓಡುವ ಬಸ್ಸಿನಲ್ಲಿ ನಿಂತೇ ಕಳೆದ ಪಾದ ಅದು. ಹೆಬ್ಬೆರಳಿನ ಬುಡದಲ್ಲಿ ಗಂಟು ಕಟ್ಟಿತ್ತು.

"ಬಿಡೇ, ಕಾಲು ಯಾರು ನೋಡ್ತಾರೆ? ಮೇಲೆ ಬಟ್ಟೆ ಹೊದಿಸ್ತೀವಲ್ಲ," ಎಂದ ಗಂಡ, ಬಾಗಿಲಲ್ಲೇ ನಿಂತು. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿತ್ತು.

"ಅವರು ನೋಡ್ತಾರೆ. ಬರಿಗಾಲಲ್ಲಿ ಕಳಿಸಿದ್ರೆ ಅಲ್ಲಿ ಹೋದ ಮೊದಲ ದಿನವೇ ನನ್ನ ಮೇಲೆ ದೂರು ಹೇಳ್ತಾರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅತ್ತೆಗೆ ಎದುರು ಮಾತಾಡುವ ಅಭ್ಯಾಸ ಅತ್ತೆ ಹೋದ ಮೇಲೂ ಹೋಗಿರಲಿಲ್ಲ. ಲೇಸನ್ನು ಪೂರ್ತಿ ಬಿಚ್ಚಿ, ಬೂಟಿನ ನಾಲಗೆಯನ್ನು ಹಿಂದಕ್ಕೆ ಮಡಚಿ ಮತ್ತೆ ಒತ್ತಿದಳು. ಈ ಸಲ ಪಾದ ಒಳಗೆ ಹೋಯಿತು.

ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಭರ್ತಿಯಾಗಿದ್ದವು. ಬಂದವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಕಂಡಕ್ಟರಮ್ಮನ ಬಾಯಿಗೆ ಸಿಕ್ಕವರೇ. ಸಿಟ್ಟು ಆಕೆಯ ಮೂಗಿನ ತುದಿಯಲ್ಲಿ ಬಾಡಿಗೆ ಕೊಡದೆ ವಾಸವಾಗಿತ್ತು. ಚಿಲ್ಲರೆಗೆ ಜಗಳ, ಸೀಟಿಗೆ ಜಗಳ, ನಿವೃತ್ತಿಯಾದ ಮೇಲೆ ಹಾಲಿನವನ ಜೊತೆ, ಪಕ್ಕದ ಮನೆಯವರ ಜೊತೆ, ಚರ್ಚಿನ ಗಾಯನ ತಂಡದ ಜೊತೆ ಜಗಳ. ಆದರೆ ಆಕೆಯದೊಂದು ಕಟ್ಟುನಿಟ್ಟಿತ್ತು. ಬೆಳಿಗ್ಗೆ ಯಾರ ಜೊತೆ ಕಾಲು ಕೆರೆದಿದ್ದಳೋ ಅವರ ಮನೆ ಬಾಗಿಲನ್ನು ಹೊತ್ತು ಮುಳುಗುವ ಮೊದಲು ತಾನೇ ಹೋಗಿ ತಟ್ಟಬೇಕು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ," ಎಂದ ಡ್ರೈವರಣ್ಣ, ಆಕೆಯ ಬಸ್ಸನ್ನೇ ಬಹುಕಾಲ ಓಡಿಸಿದ್ದ ಮುದುಕ. "ಇವಳದು ಉಣ್ಣೋ ತನಕವೂ ಇರ್ತಿರಲಿಲ್ಲ. ನನ್ನ ಮನೆಗೆ ಎಷ್ಟು ಸಂಜೆ ಬಂದಿದ್ದಾಳೋ. ನಾನೇ ಹೇಳ್ತಿದ್ದೆ, ಅಮ್ಮಾ, ಬೈಯೋದನ್ನೇ ಬಿಟ್ಟರೆ ಈ ಓಡಾಟ ತಪ್ಪುತ್ತಲ್ಲ ಅಂತ."

"ಅದಕ್ಕೆ ಏನಂದ್ರು?" ಎಂದ ಪಕ್ಕದಲ್ಲಿದ್ದ ಬೀಗ ರಿಪೇರಿಯವನು.

"ದೇವರು ನನಗೆ ಬಾಯಿನೂ ಕೊಟ್ಟಿದ್ದಾನೆ, ಕಾಲೂ ಕೊಟ್ಟಿದ್ದಾನೆ. ಬಾಯಿ ಕೆಡಿಸಿದ್ದನ್ನ ಕಾಲು ಹೋಗಿ ಸರಿ ಮಾಡಬೇಕು. ಹಾಗಂದಳು."

ಸುತ್ತಲಿದ್ದವರು ನಕ್ಕರು. ಸಾವಿನ ಮನೆ ಎಂದು ನೆನಪಾಗಿ ಕೆಲವರು ಬಾಯಿಗೆ ಕರವಸ್ತ್ರ ಹಿಡಿದರು.

"ಏನೇ ಆಗಲಿ, ಯಾರ ಜಗಳವನ್ನೂ ಬಾಕಿ ಇಟ್ಟು ಹೋಗೋ ಹೆಂಗಸಲ್ಲ," ಎಂದರು ಪಾಸ್ಟರ್.

ಒಳಗೆ ಬೂಟಿನ ಲೇಸು ಕಟ್ಟುತ್ತಿದ್ದ ಸೊಸೆಗೆ ಅದು ಕೇಳಿಸಿತು. ಅವಳ ಕೈ ಅಲ್ಲೇ ನಿಂತಿತು.

*

ಬೀಗ ರಿಪೇರಿಯವನನ್ನು ಕಂಡಕ್ಟರಮ್ಮ ಒಮ್ಮೆ ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದ್ದಳು. ಅವನು ಕಂಬಿ ಹಿಡಿದು ತೂರಾಡುತ್ತಿದ್ದ, ಕಣ್ಣು ಕೆಂಪಗಿತ್ತು. "ಕುಡಿದು ಬಂದು ಹೆಂಗಸರ ಮೇಲೆ ಬೀಳ್ತೀಯಾ? ಇಳಿ ಕೆಳಗೆ!" ಎಂದು ಸೀಟಿ ಊದಿದಳು. ಅವನು ಮೆಟ್ಟಿಲಲ್ಲಿ ತಿರುಗಿ, "ಆಸ್ಪತ್ರೆ ಸ್ಟಾಪು ಇನ್ನೂ ಬಂದಿಲ್ಲ," ಎಂದಷ್ಟೇ ಹೇಳಿ ಇಳಿದ.

ಬಸ್ಸು ಎರಡು ತಿರುವು ದಾಟಿದ ಮೇಲೆ ಆ ಮಾತು ಆಕೆಯ ತಲೆಗೆ ಹತ್ತಿತು. ಅವನಿಂದ ಬಂದದ್ದು ಔಷಧಿಯ ವಾಸನೆ, ಹೆಂಡದ್ದಲ್ಲ.

ಕೆಲಸ ಮುಗಿದದ್ದೇ ತಡ, ಯೂನಿಫಾರಂ ಕೂಡ ಬದಲಿಸದೆ ಆಸ್ಪತ್ರೆಗೆ ಹೋದಳು. ಗೀಟು ಗೀಟಿನ ಅಂಗಿ ಹಾಕಿದವನನ್ನು ಕಂಡಿರಾ ಎಂದು ವಾರ್ಡು ವಾರ್ಡಿನಲ್ಲಿ ಕೇಳಿದಳು. ಹೆಂಡತಿಯ ಹಾಸಿಗೆ ಪಕ್ಕ ಕೂತಿದ್ದ ಅವನು ಆಕೆಯನ್ನು ಕಂಡು ಎದ್ದು ನಿಂತು ಕೂಗಾಡಿದ. ಇಡೀ ವಾರ್ಡು ತಿರುಗಿ ನೋಡಿತು. ಕಂಡಕ್ಟರಮ್ಮ ಅಡ್ಡ ಮಾತಾಡಲಿಲ್ಲ. ಅವನ ಮಾತು ಪೂರ್ತಿ ಖಾಲಿಯಾಗುವ ತನಕ ತಲೆ ತಗ್ಗಿಸಿ ನಿಂತಿದ್ದಳು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಆಕೆಗೆ ಎಷ್ಟು ಕಷ್ಟ ಎಂದು ಜೊತೆಗೆ ಬಂದು ಬಾಗಿಲ ಹೊರಗೆ ನಿಂತಿದ್ದ ಡ್ರೈವರಣ್ಣನಿಗೆ ಮಾತ್ರ ಗೊತ್ತಿತ್ತು.

"ಮುಗೀತಾ?" ಎಂದಳು ಕೊನೆಗೆ. "ನೀವು ಹೇಳಿದ್ದು ಸರಿ. ಈಗ ಹೋಗಿ ಏನಾದ್ರೂ ತಿಂದು, ಸ್ವಲ್ಪ ಮಲಗಿ ಬನ್ನಿ. ಇವರ ಹತ್ರ ನಾನು ಕೂತಿರ್ತೀನಿ."

ಬಸ್ಸಿನಲ್ಲಿ ಯಾರಾದರೂ ಪತ್ರಿಕೆ ಮಡಚಿ, ಲೋಕ ಕೆಟ್ಟುಹೋಯಿತು ಎಂದು ನಿಟ್ಟುಸಿರು ಬಿಟ್ಟರೆ ಆಕೆಗೆ ಆಗುತ್ತಿರಲಿಲ್ಲ. "ಕೆಟ್ಟಿರಲಿ ಬಿಡಿ. ನಾವು ಕೆಡಿಸಿದ ಪಾಲನ್ನಾದರೂ ಸಂಜೆಯೊಳಗೆ ತೊಳೆದಿಡೋಣ, ಎಂಜಲು ಪಾತ್ರೆ ಹಾಗೆ," ಎಂದು ಟಿಕೆಟ್ಟು ಹರಿದು ಕೊಡುತ್ತಿದ್ದಳು. ಆಕೆಯ ಭಕ್ತಿಯೆಲ್ಲ ಇಷ್ಟೇ. ಉದ್ದ ಪ್ರಾರ್ಥನೆ ಮಾಡುವವರ ನಡುವೆ ಆಕೆ ತೂಕಡಿಸುತ್ತಿದ್ದುದೇ ಹೆಚ್ಚು.

*

ಶುಕ್ರವಾರ ಬೆಳಿಗ್ಗೆ ಅತ್ತೆ ಊಟದ ಮೇಜು ಒರೆಸುತ್ತ, "ಭಾನುವಾರ ನಿನ್ನ ತಂಗಿಯನ್ನ ಊಟಕ್ಕೆ ಕರೆದಿದ್ದೀನಿ," ಎಂದಿದ್ದಳು.

ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದ ಸೊಸೆ ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ಒಳಗೆ ಬಂದಳು. ತಂಗಿಯ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವರ ತಾಯಿ ಹಾಸಿಗೆ ಹಿಡಿದಿದ್ದಾಗ ತಂಗಿ ಒಮ್ಮೆಯೂ ಬಂದಿರಲಿಲ್ಲ. ತಾಯಿ ತೀರಿಕೊಂಡ ದಿನ ಹೊರಟಳು, ರೈಲು ತಡವಾಯಿತು, ಒಂದು ಗಂಟೆ ಕಾಯಿರಿ ಎಂದು ದಾರಿಯಿಂದ ಫೋನಿನಲ್ಲಿ ಅತ್ತಳು. ಅಕ್ಕ ಕಾಯಲಿಲ್ಲ. "ಪೆಟ್ಟಿಗೆ ಮುಚ್ಚಿ," ಎಂದಿದ್ದಳು. ತಂಗಿ ಬಂದು ನೋಡಿದ್ದು ಹಸಿ ಮಣ್ಣನ್ನು.

"ನನ್ನನ್ನ ಒಂದು ಮಾತು ಕೇಳದೆ ಯಾಕೆ ಕರೆದ್ರಿ?"

"ಕೇಳಿದ್ರೆ ಬೇಡ ಅಂತಿದ್ದೆ."

"ನಿಮ್ಮದು ಭಕ್ತಿ ಅಲ್ಲ ಅತ್ತೆ, ಚಟ. ಬೆಳಿಗ್ಗೆ ಬೈಯೋದು, ಸಂಜೆ ಹೋಗಿ ಹಲ್ಲು ಕಿರಿಯೋದು. ನಾಳೆ ಮತ್ತೆ ಬೈಯೋಕೆ ಜಾಗ ಮಾಡ್ಕೋತೀರಿ, ಅಷ್ಟೇ. ಆ ನಾಟಕಕ್ಕೆ ನನ್ನನ್ನ ಎಳೀಬೇಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾವತ್ತೂ ಒಂದಕ್ಕೆ ನಾಲ್ಕು ಸೇರಿಸಿ ಕೊಡುವ ಅತ್ತೆ ಅವತ್ತು ಒರೆಸುವ ಬಟ್ಟೆಯನ್ನು ಹಿಂಡಿ ಕಿಟಕಿಗೆ ಹಾಕಿ, "ಸಂಜೆ ಮಾತಾಡೋಣ," ಎಂದು ಮಲಗುವ ಕೋಣೆಗೆ ಹೋದಳು.

ಮಧ್ಯಾಹ್ನ ಅಂಗಡಿಗೆ ಗಂಡನ ಫೋನು ಬಂತು.

*

ಭಾನುವಾರ ಅಂಗಳದಲ್ಲಿ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆಯ ಮುಚ್ಚಳವನ್ನು ಇಬ್ಬರು ಎತ್ತಿ ಹಿಡಿದರು. ಆಗ ಗೇಟಿನ ಹತ್ತಿರ ಮಾತು ನಿಂತಿತು.

ಅಲ್ಲೊಬ್ಬಳು ಹೆಂಗಸು ಹೊಳೆಯುವ ಹಳದಿ ಬಟ್ಟೆ ಉಟ್ಟು, ತುಟಿಗೆ ಬಣ್ಣ ಹಚ್ಚಿ, ಎರಡೂ ಕೈಯಲ್ಲಿ ಕೇಕಿನ ಡಬ್ಬ ಹಿಡಿದು ನಿಂತಿದ್ದಳು. ಕಪ್ಪು ಬಿಳಿ ಬಟ್ಟೆಯ ಸಾಲುಗಳನ್ನು ನೋಡಿದಳು, ಕುರ್ಚಿಗಳನ್ನು ನೋಡಿದಳು.

"ಊಟಕ್ಕೆ ಕರೆದಿದ್ರು," ಎಂದಳು ಯಾರಿಗೋ. "ಇದೇ ಮನೆ ತಾನೇ? ಒಬ್ಬರು ದೊಡ್ಡವರು ಫೋನ್ ಮಾಡಿದ್ರು. ಬರದೇ ಇದ್ರೆ ಬಸ್ ಹಿಡಿದು ನಾನೇ ಬಂದು ಎಳ್ಕೊಂಡು ಹೋಗ್ತೀನಿ ಅಂದಿದ್ರು."

ಅವಳಿಗೆ ತಿಳಿಸಬೇಕೆಂಬುದನ್ನು ಸೊಸೆ ಮರೆತಿರಲಿಲ್ಲ. ಫೋನನ್ನು ಕೈಗೆತ್ತಿಕೊಂಡು ಮತ್ತೆ ಮತ್ತೆ ಕೆಳಗಿಟ್ಟಿದ್ದಳು.

"ಹೊತ್ತಾಯ್ತು, ಅಲ್ಲಿ ಗುಂಡಿ ತೋಡಿದವರು ಕಾಯ್ತಿದ್ದಾರೆ," ಎಂದರು ಪಾಸ್ಟರ್ ಮೆಲ್ಲಗೆ. ಮುಚ್ಚಳ ಹಿಡಿದವರು ಸೊಸೆಯ ಮುಖ ನೋಡಿದರು. "ಮುಚ್ಚೋದಾ?"

ತಂಗಿ ಅಲ್ಲಿಂದಲೇ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಈ ಮಾತಿಗೆ ಬರುವ ಉತ್ತರ ಅವಳಿಗೆ ಗೊತ್ತಿತ್ತು.

"ತಡೀರಿ," ಎಂದಳು ಸೊಸೆ. ಮುಚ್ಚಳಕ್ಕೆ ಕೈ ಅಡ್ಡ ಹಿಡಿದಳು. ಮತ್ತೆ ಗಟ್ಟಿಯಾಗಿ, "ತಡೀರಿ! ನನ್ನ ತಂಗಿ ಬಂದಿದ್ದಾಳೆ. ಅವಳು ಮುಖ ನೋಡಲಿ."

ಯಾರೋ ಕೇಕಿನ ಡಬ್ಬ ತೆಗೆದುಕೊಂಡರು. ಹಳದಿ ಬಟ್ಟೆಯವಳು ಕಪ್ಪು ಬಿಳಿಯ ನಡುವೆ ದಾರಿ ಮಾಡಿಕೊಂಡು ಬಂದು ಪೆಟ್ಟಿಗೆಯ ಮೇಲೆ ಬಾಗಿದಳು. ಸರಿಯಾಗಿ ಪರಿಚಯವೇ ಇಲ್ಲದ ಮುದುಕಿಯ ಮುಖ ನೋಡಿ, ಹೆತ್ತವಳನ್ನು ಕಳೆದುಕೊಂಡವಳಂತೆ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅಳುತ್ತಿದ್ದುದು ಯಾರಿಗಾಗಿ ಎಂದು ಸೊಸೆಗೆ ಅರ್ಥವಾಯಿತು. ಹತ್ತಿರ ಹೋಗಿ ನಿಂತಳು, ಮುಟ್ಟಲು ಧೈರ್ಯ ಬರಲಿಲ್ಲ.

ಸಮಾಧಿ ಮಾಡಿ ಹಿಂದಿರುಗುವಾಗ ಡ್ರೈವರಣ್ಣ ಸೊಸೆಯ ಪಕ್ಕ ನಡೆಯುತ್ತಿದ್ದ.

"ಶುಕ್ರವಾರ ಬೆಳಿಗ್ಗೆ ನನ್ನ ಜೊತೆ ಜಗಳ ಆಗಿತ್ತು. ಸಂಜೆ ಮಾತಾಡೋಣ ಅಂದಿದ್ರು," ಎಂದಳು ಅವಳು. "ನನ್ನದೊಂದು ಬಾಕಿ ಉಳಿದುಬಿಡ್ತು ಡ್ರೈವರಣ್ಣ."

ಅವನು ಇಲ್ಲ ಬಿಡಮ್ಮ ಎನ್ನಲಿಲ್ಲ.

"ಹೂಂ, ಉಳೀತು," ಎಂದ. "ಅವಳು ಇನ್ನು ಬರೋಕಾಗಲ್ಲ. ನಿನಗೆ ಕಾಲಿದೆಯಲ್ಲಮ್ಮ."

ಮನೆಯಲ್ಲಿ ತಂಗಿ ಅಡುಗೆಮನೆಯ ಮೂಲೆಯಲ್ಲಿ, ಹಳದಿ ಬಟ್ಟೆಯ ಮೇಲೆ ಯಾರದೋ ಕಪ್ಪು ಶಾಲು ಹೊದ್ದು, ಲೋಟ ತೊಳೆಯುತ್ತಿದ್ದಳು. ಸೊಸೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ನಿನಗೆ ಏನೇನು ಹೇಳಬೇಕೋ ಎಲ್ಲ ಹೇಳು. ನಿಂತು ಕೇಳ್ತೀನಿ."

ತಂಗಿ ತಿರುಗಲಿಲ್ಲ. ನಲ್ಲಿ ನಿಲ್ಲಿಸಿದಳು.

"ಯಾರದೋ ಅಮ್ಮನಿಗೆ ಇವತ್ತು ತಡೀರಿ ಅಂದೆ. ನಮ್ಮ ಅಮ್ಮನಿಗೆ ಯಾಕೆ ಅನ್ನಲಿಲ್ಲ ಅಕ್ಕ?"

ಸೊಸೆ ತಲೆ ತಗ್ಗಿಸಿ ಕೇಳಿದಳು. ಒಂದು ಮಾತು ಕೇಳಿದಳು, ಎರಡು ಕೇಳಿದಳು. ಮೂರನೆಯದಕ್ಕೆ ತಡೆಯಲಾಗಲಿಲ್ಲ. "ಅಷ್ಟು ದಿನ ನೀನೆಲ್ಲಿ ಸತ್ತಿದ್ದೆ? ಅಮ್ಮನ ಹಾಸಿಗೆ ಬಟ್ಟೆ ಒಗೆದೋಳು ನಾನು!" ಎಂದು ಕೂಗಿದಳು. ಇಬ್ಬರ ಸ್ವರವೂ ಅಂಗಳದ ತನಕ ಬಂತು.

ಪಾಸ್ಟರ್ ದಡಬಡಿಸಿ ಎದ್ದರು. "ಸಾವಿನ ಮನೆಯಲ್ಲಿ ಇದೇನು ಗಲಾಟೆ? ಹೋಗಿ ಬಿಡಿಸ್ತೀನಿ."

"ಕೂತ್ಕೊಳ್ಳಿ ಪಾಸ್ಟರ್ರೇ," ಎಂದ ಡ್ರೈವರಣ್ಣ. ಎದುರುಮನೆಯ ಗೋಡೆಯ ಮೇಲೆ ಬಿಸಿಲು ಇನ್ನೂ ಅರ್ಧ ಇತ್ತು. "ಹೊತ್ತು ಇನ್ನೂ ಮುಳುಗಿಲ್ಲ."

ಅವನು ತನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಕಿ ಕುಳಿತ. ಒಳಗೆ ಲೋಟವೊಂದು ನೆಲಕ್ಕೆ ಬಿದ್ದು ಉರುಳಿತು. ಕಂಡಕ್ಟರಮ್ಮನ ಮಗ ಇನ್ನೊಂದು ಕುರ್ಚಿ ತಂದು, ಅವನ ಭುಜಕ್ಕೆ ಭುಜ ತಾಗಿಸಿ ಕುಳಿತುಕೊಂಡ.