ಎಂಟು ಸಾವಿರದ ಕಲ್ಲು

ಹಡಗಿನ ಯಂತ್ರದ ಕೋಣೆಯಲ್ಲಿ ಮೂವತ್ತೆಂಟು ವರ್ಷ ದುಡಿದ ಇವಾವೊ, ನಿವೃತ್ತನಾಗಿ ಬಂದರು ಊರಾದ ಇಮಾಬಾರಿಯ ಮನೆಗೆ ಬಂದು ಕೂತ ಮೇಲೆ, ಹೆಂಡತಿ ಫುಸಾಯೆಯ ಚಾಕುಗಳನ್ನು ಹರಿತ ಮಾಡುವ ಕೆಲಸವನ್ನು ತಾನೇ ವಹಿಸಿಕೊಂಡ. ಅವನ ಹತ್ತಿರ ಮೂರು ಸಾಣೆಕಲ್ಲುಗಳಿದ್ದವು: ಸಾವಿರದ್ದು, ಮೂರು ಸಾವಿರದ್ದು, ಎಂಟು ಸಾವಿರದ್ದು. ಅಂಕಿ ಏರಿದಷ್ಟೂ ಕಲ್ಲು ನುಣುಪು. ಪ್ರತಿ ಭಾನುವಾರ ಬೆಳಿಗ್ಗೆ ಮೂರೂ ಕಲ್ಲುಗಳ ಮೇಲೆ ಚಾಕು ಉಜ್ಜಿ, ಅಲಗಿನಲ್ಲಿ ತನ್ನ ಬಿಳಿ ಮೀಸೆ ಕಂಡ ಮೇಲೇ ಅವನಿಗೆ ಸಮಾಧಾನ.

"ಅಬ್ಬಾ, ಏನ್ ಹೊಳಪು ರೀ!" ಅನ್ನುತ್ತಿದ್ದಳು ಫುಸಾಯೆ. ಅವನು ಉಬ್ಬಿಹೋಗುತ್ತಿದ್ದ.

ಒಂದು ಸೋಮವಾರ ಕ್ಷೌರಕ್ಕೆಂದು ಹೊರಟವನು, ಅಂಗಡಿಗೆ ರಜೆಯೆಂದು ನೆನಪಾಗಿ ಅರ್ಧದಾರಿಯಿಂದಲೇ ಹಿಂತಿರುಗಿದ. ಒಳಗಿನಿಂದ ಸರ್‍ರ್ ಸರ್‍ರ್ ಎಂಬ ಸದ್ದು. ಇಣುಕಿದರೆ, ಫುಸಾಯೆ ಪಿಂಗಾಣಿಯ ಅನ್ನದ ಬಟ್ಟಲನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಚಾಕು ಉಜ್ಜುತ್ತಿದ್ದಾಳೆ! ಪಕ್ಕದಲ್ಲಿ ಒಂದು ಬುಟ್ಟಿ ಟೊಮೆಟೊ.

"ಏನೇ ಅದು?"

ಅವಳು ಬೆಚ್ಚಿಬಿದ್ದಳು. "ಅದು... ಟೊಮೆಟೊ ಮೇಲೆ ಸ್ವಲ್ಪ ಜಾರುತ್ತೆ ರೀ. ಬೇರೇನಿಲ್ಲ."

ಇವಾವೊ ಚಾಕುವನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ನೇರ ಬಂದರಿನ ಬೀದಿಯ ಕಬ್ಬಿಣದಂಗಡಿಗೆ ನಡೆದ. ಅಂಗಡಿಯ ಮುದುಕಿ ಕಿನುಯೊ ಎಲ್ಲ ಕೇಳಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಇದೇನ್ ಹಡಗಿನ ಯಂತ್ರ ಅಂದ್ಕೊಂಡ್ಯೇನಪ್ಪಾ? ಟೊಮೆಟೊ ಸಿಪ್ಪೆ ಕಚ್ಚೋಕೆ ಅಲಗಿಗೆ ಹಲ್ಲು ಬೇಕು. ನೀನು ಎಲ್ಲಾನೂ ಸವೆಸಿ ನನ್ನ ಬಾಯಿ ಥರ ಮಾಡಿಟ್ಟಿದೀಯ. ತರಕಾರಿ ಚಾಕುನ ಸಾವಿರದ ಕಲ್ಲಿಗೇ ನಿಲ್ಸು. ಆ ಎಂಟು ಸಾವಿರ ಹಸಿಮೀನು ಕೊಯ್ಯೋ ಚಾಕುಗೆ ಇಟ್ಕೊ, ಹೋಗು."

ಮನೆಗೆ ಬಂದವನೇ ಸಾವಿರದ ಕಲ್ಲನ್ನು ನೀರಲ್ಲಿ ನೆನೆಹಾಕಿ, ಚಾಕುವಿನ ಎರಡೂ ಮಗ್ಗುಲು ಉಜ್ಜಿ, ಅಲ್ಲಿಗೇ ಕೈಬಿಟ್ಟ. ಅಲಗು ಮಂಕಾಗಿತ್ತು, ಮೀಸೆ ಕಾಣಲಿಲ್ಲ. ಆದರೆ ಟೊಮೆಟೊ ಮೇಲಿಟ್ಟದ್ದೇ ತಡ, ಒತ್ತದೆಯೇ ಇಳಿಯಿತು.

"ಎಷ್ಟ್ ದಿನದಿಂದ ಉಜ್ತಿದೀಯ ಬಟ್ಟಲಿಗೆ?"

"ಎರಡು ವರ್ಷ ಆಯ್ತು," ಫುಸಾಯೆ ತಲೆ ತಗ್ಗಿಸಿದಳು.

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಗ್ ಹೇಳ್ಲಿ? ನಾಲಿಗೆ ಕಚ್ಕೊಂಡು, ಶಾಲೆ ಮಗು ಅಕ್ಷರ ತಿದ್ದೋ ಹಾಗೆ ಕೂತಿರ್ತೀರಿ. ಸಮುದ್ರದ ಮೇಲಿದ್ದಾಗ ವರ್ಷಕ್ಕೆ ನಲವತ್ತು ದಿನ ಸಿಗ್ತಿದ್ರಿ ನನಗೆ. ಈಗ ನನ್ನ ಚಾಕು ಹಿಡ್ಕೊಂಡು ಮನೇಲೇ ಕೂತಿದೀರಲ್ಲ, ಅದೇ ಸಾಕಾಗಿತ್ತು."

ಇವಾವೊ ಟೊಮೆಟೊದ ಒಂದು ಹೋಳಿಗೆ ಉಪ್ಪು ಉದುರಿಸಿ ಅವಳ ಕೈಗಿಟ್ಟ.

ಮುಂದಿನ ಭಾನುವಾರ ಫುಸಾಯೆಯೂ ಒಂದು ಮಣೆ ಎಳೆದುಕೊಂಡು ಅವನ ಪಕ್ಕ ಕೂತಳು. ಕಲ್ಲಿನ ಮೇಲೆ ನೀರು ಚಿಮುಕಿಸುತ್ತಾ, ಅವನ ಕೈ ಅಭ್ಯಾಸಬಲದಿಂದ ಮುಂದಿನ ಕಲ್ಲಿಗೆ ಹೋದಾಗಲೆಲ್ಲ ಮೆಲ್ಲಗೆ ಒಂದೇಟು ಕೊಟ್ಟಳು.

"ಸಾಕು ಬಿಡ್ರೀ, ಇದು ಮೂಲಂಗಿ ಹೆಚ್ಚೋದು."