ಬ್ರೇಕಿಗೆ ಕುಂಕುಮ

ಭಾನುವಾರ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಒಂದು ಸ್ಕ್ರೂ ಬೇಕಂದ್ರೂ ಸಿಗಲ್ಲ, ಅಂಗಡಿಯೆಲ್ಲ ಬಂದ್. ಅವತ್ತೇ ಗ್ಯಾರೇಜಿನಲ್ಲಿ ನನ್ನ ಹಳೇ ಕಾರಿನ ಬ್ರೇಕ್ ಬಿಚ್ಚಿಕೊಂಡು ಕೂತಿದ್ದೆ. ಬಲಗಡೆ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿ ಮುಗಿಸಿ, ಎಡಗಡೆಯ ಎರಡನ್ನು ಸ್ಟೂಲಿನ ಮೇಲಿಟ್ಟು ಕಾಫಿಗೆ ಹೋದೆ. ಬರುವಷ್ಟರಲ್ಲಿ ಅಮ್ಮ ಪೂಜೆ ಮಾಡಿ ಮುಗಿಸಿದ್ದಳು. ಕುಂಕುಮ ಉದುರದಿರಲಿ ಅಂತ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಎರಡೂ ಪ್ಯಾಡಿಗೆ ದಪ್ಪಗೆ ಬಳಿದಿದ್ದಳು.

ಹೋದ ಚಳಿಗಾಲ ಹೆಂಡತಿ ಶ್ರೀಲಕ್ಷ್ಮಿ ಆಟೋಬಾನ್ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡ ಮೇಲೆ, ಅಮ್ಮ ಮೈಸೂರಿನಿಂದ ಬಂದು ನನ್ನ ಜೊತೆ ಇದ್ದಾಳೆ.

"ಬುದ್ಧಿ ಇದೆಯಾ ನಿಂಗೆ?" ಕಿರುಚಿದೆ. "ಎಣ್ಣೆ ಕುಡಿದ ಪ್ಯಾಡು ಕಸಕ್ಕೆ ಹೋಗ್ಬೇಕು. ಬ್ರೇಕ್ ಹಿಡಿಯೋದೇ ಇಲ್ಲ!"

ನಾನು ಬಟ್ಟೆಯಿಂದ ಒರೆಸಿದೆ, ಉಜ್ಜಿದೆ. ಕೆಂಪು ಇನ್ನೂ ಒಳಕ್ಕೇ ಇಳಿಯಿತು.

"ಆಯುಧಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಾರೆ, ಸರಿ. ಬ್ರೇಕಿಗೆ ಯಾರಮ್ಮಾ ಕುಂಕುಮ ಬಳೀತಾರೆ?"

"ಬ್ರೇಕ್ ಹಿಡೀಲಿಲ್ಲ ಅಂತ ತಾನೇ ಪೊಲೀಸರು ಹೇಳಿದ್ದು?" ಅಂದಳು ಅಮ್ಮ. "ಅವಳ ಕಾರಿಗೆ ಹಚ್ಚೋಕೆ ನಾನಿಲ್ಲಿ ಇರ್ಲಿಲ್ಲ ಕಣೋ."

ಬಟ್ಟೆ ಕೆಳಗಿಟ್ಟೆ.

ಅಮ್ಮ ಬಲಗಡೆ ಚಕ್ರದ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಇದನ್ನೂ ಒಂಚೂರು ಬಿಚ್ಚಿಕೊಡು. ಇದಕ್ಕಿನ್ನೂ ಹಚ್ಚಿಲ್ಲ."

ಸ್ಪ್ಯಾನರ್ ತಗೊಂಡು ಬಿಚ್ಚಿ ಕೊಟ್ಟೆ.